ಡೋರೀನ್ ಇಳಿಸಿದ ಏಳು ಪೌಂಡು

ಡೋರೀನ್ ಏಳು ಪೌಂಡು ಇಳಿದಿದ್ದಾಳೆ ಎಂದು ಲೊರೇನ್ ಸಾರಿದಾಗ ಚರ್ಚ್ ಹಾಲಿನಲ್ಲಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ತೂಕ ಇಳಿಸುವವರ ಆ ಮಂಗಳವಾರದ ಕ್ಲಬ್ಬಿನಲ್ಲಿ ಒಂದು ಪೌಂಡಿಗೇ ಚಪ್ಪಾಳೆ ಬೀಳುತ್ತದೆ, ಏಳೆಂದರೆ ಕೇಳಬೇಕೆ? ಡೋರೀನ್ ತನ್ನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು. ಪಕ್ಕದ ಮನೆಯ ಹುಡುಗಿ ಪರೀಕ್ಷೆ ಪಾಸಾದ ಸುದ್ದಿ ಕೇಳಿದವಳ ಹಾಗಿತ್ತು ಅವಳ ಮುಖ.

"ಹೇಳಿ ಡೋರೀನ್, ಹೇಗೆ ಮಾಡಿದ್ರಿ? ಉಳಿದೋರೂ ಕಲೀಲಿ," ಎಂದಳು ಲೊರೇನ್. ಕ್ಲಬ್ಬು ನಡೆಸುವವಳು ಅವಳೇ. ಇಳಿದವರು ಗುಟ್ಟು ಹೇಳಲೇಬೇಕು, ಅದು ಅಲ್ಲಿನ ಪದ್ಧತಿ.

"ಚಿಕ್ಕ ತಟ್ಟೇಲಿ ಊಟ ಮಾಡ್ದೆ."

ಎಲ್ಲರೂ ತಲೆಯಾಡಿಸಿದರು. ನಿಜ ಹೇಳಬೇಕೆಂದರೆ ಅವಳು ತಟ್ಟೆಯನ್ನೇ ಮುಟ್ಟಿರಲಿಲ್ಲ. ಅಡುಗೆಮನೆಯ ಸಿಂಕಿನ ಮುಂದೆ ನಿಂತು, ಸುಟ್ಟ ಬ್ರೆಡ್ಡಿನ ಒಂದು ತುಂಡು, ಒಂದು ಲೋಟ ಟೀ. ಮೇಜಿನ ಹತ್ತಿರ ಹೋದರೆ ಎದುರಿನ ಕುರ್ಚಿ ಕಾಣುತ್ತಿತ್ತು. ಗಂಡ ಕ್ಲಿಫ್ ಸತ್ತು ಮೂರು ವಾರವಾಗಿತ್ತು.

ಅದು ಇವರಿಗೆ ಯಾರಿಗೂ ಗೊತ್ತಿರಲಿಲ್ಲ. ನಡುವೆ ಅವಳು ಎರಡು ಮಂಗಳವಾರ ಬಂದಿರಲಿಲ್ಲ, ಆದರೆ ಬಾರದವರು ಕೇಕು ತಿಂದು ಮುಖ ತಪ್ಪಿಸಿಕೊಂಡಿದ್ದಾರೆ ಎಂದೇ ಆ ಕ್ಲಬ್ಬು ತಿಳಿಯುವುದು. ಬೇರೇನಾದರೂ ಆಗಿರಬಹುದೆಂದು ಅಲ್ಲಿ ಯಾರ ತಲೆಗೂ ಹೊಳೆಯುವುದಿಲ್ಲ. ತಪ್ಪು ಡೋರೀನ್‌ಳದೂ ಇತ್ತೆನ್ನಿ. ತನ್ನೂರು ಬಾರ್ನ್ಸ್ಲಿಯ ಒಂದು ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಆಲೂಗಡ್ಡೆ ಬಡಿಸಿದವಳು ಅವಳು. ತನ್ನ ಕೈಯಲ್ಲಿ ಉಂಡವರ ಎದುರು ತಕ್ಕಡಿ ಹತ್ತುವುದೇ ಎಂದು ನಾಚಿ, ಊರಾಚೆಯ ಈ ಕ್ಲಬ್ಬನ್ನು ಹುಡುಕಿಕೊಂಡಿದ್ದಳು.

ಪ್ರತಿ ಮಂಗಳವಾರ ಕ್ಲಿಫ್ ಕಾರಿನಲ್ಲಿ ಕರೆತರುತ್ತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು. ಸುಮ್ಮನೆ ಕಾಯುವುದು ಅವನಿಗೆ ರೂಢಿ. ತೂಕ ಮುಗಿಸಿ ಅವಳು ಹೊರಗೆ ಬಂದರೆ, "ಮುಂದಿನ ತೂಕಕ್ಕೆ ಇನ್ನೂ ಪೂರ್ತಿ ಒಂದು ವಾರ ಇದೆಯಲ್ಲೇ," ಎನ್ನುತ್ತ ಮೂಲೆಯ ಮೀನು-ಚಿಪ್ಸ್ ಅಂಗಡಿಯ ಮುಂದೆ ಕಾರು ನಿಲ್ಲಿಸುತ್ತಿದ್ದ. ಇಬ್ಬರೂ ಕಾರಿನಲ್ಲೇ ಕೂತು, ಗಾಜೆಲ್ಲ ಮಂಜುಗಟ್ಟುವವರೆಗೆ ತಿನ್ನುತ್ತಿದ್ದರು. ಹೀಗೆ ಆರು ವರ್ಷ ಕ್ಲಬ್ಬಿಗೆ ಹೋಗಿ ಡೋರೀನ್ ಇಳಿಸಿದ್ದು ಏನೂ ಇಲ್ಲ.

ಇಳಿಸದೆ ಗತಿಯೂ ಇರಲಿಲ್ಲ. ಬಲ ಮಂಡಿ ಸವೆದಿತ್ತು, ಇಷ್ಟು ತೂಕಕ್ಕೆ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿಬಿಟ್ಟಿದ್ದರು. ಹೋದ ವಾರ ಆ ಡಾಕ್ಟರ ಆಸ್ಪತ್ರೆಯ ನರ್ಸ್ ಫಿಯೋನಾ ಹೊಸ ದಾರಿ ಹೇಳಿದಳು. ಮೂರು ತಿಂಗಳು ಬರೀ ಪುಡಿ. ನೀರಲ್ಲಿ ಕದಡಿ ಕುಡಿಯುವುದು, ಬೇರೇನೂ ತಿನ್ನುವ ಹಾಗಿಲ್ಲ. ಬೇಸಿಗೆಯೊಳಗೆ ಮಂಡಿ ರಿಪೇರಿ. ಆದರೆ ಕ್ಲಬ್ಬು ಬಿಡಬೇಕು, ಎರಡು ದೋಣಿಯಲ್ಲಿ ಕಾಲಿಡುವಂತಿಲ್ಲ.

"ಮುಂದಿನ ಶುಕ್ರವಾರದೊಳಗೆ ಹೇಳಿಬಿಡಿ. ನಿಮ್ಮ ಜಾಗಕ್ಕೆ ಕಾಯ್ತಿರೋರು ತುಂಬ ಜನ ಇದಾರೆ."

ಡೋರೀನ್‌ಗೆ ಆ ಪುಡಿ ಹಿಡಿಸಿತ್ತು. ಒಲೆ ಹಚ್ಚಬೇಕಿಲ್ಲ, ಮೇಜು ಬೇಕಿಲ್ಲ, ಯಾರ ಜೊತೆಗೂ ಮಾತಾಡಬೇಕಿಲ್ಲ. ಬೇಡವೆನ್ನಲು ಅವಳಿಗೆ ಒಂದು ಕಾರಣವೂ ಸಿಗಲಿಲ್ಲ. ಆದರೂ ಮಂಗಳವಾರ ಬಂತು, ಕಾಲು ತಾನಾಗಿ ಬಸ್ಸು ಹತ್ತಿತು.

ವಾರದಲ್ಲಿ ಹೆಚ್ಚು ಇಳಿದವರಿಗೆ ಹಣ್ಣಿನ ಬುಟ್ಟಿ. ಎಲ್ಲರೂ ಒಂದೊಂದು ಹಣ್ಣು ತಂದು ತುಂಬಿಸಿದ್ದು. ಅದನ್ನು ಹೊತ್ತು ಡೋರೀನ್ ಹೊರಗೆ ಬಂದಾಗ ಬೆರಿಲ್ ಜೊತೆಗೂಡಿದಳು. ಆರು ವರ್ಷದಿಂದ ಪಕ್ಕದ ಕುರ್ಚಿಯವಳು. ತೂಕ ಕಮ್ಮಿ ಬರಲೆಂದು ಹಿಮ ಬಿದ್ದರೂ ತೆಳ್ಳನೆಯ ಹೂವಿನ ಫ್ರಾಕೇ ತೊಟ್ಟು ಬರುವ ಹೆಂಗಸು.

"ಅಲ್ಲ ಕಣೇ, ಸ್ವೆಟರ್ ಬಿಚ್ದೇ ತಕ್ಕಡಿ ಹತ್ತಿದ್ಯಲ್ಲ. ಲೊರೇನ್ ಅಷ್ಟು ಹೇಳಿದ್ರೂ ಕೇಳ್ಲಿಲ್ಲ. ಬಿಚ್ಚಿದ್ರೆ ಎಂಟು ಪೌಂಡ್ ಆಗ್ತಿತ್ತು."

"ಇರ್ಲಿ ಬಿಡು."

"ಗಂಡಸ್ರ ಸ್ವೆಟರ್ ಅಲ್ವಾ ಇದು? ಕ್ಲಿಫ್‌ದಾ?"

"ಹೂಂ."

"ಪಾಪ, ಅವನದು ನೀನು ಹಾಕ್ಕೊಂಡ್ರೆ ಅವನಿಗೆ ಚಳಿ ಆಗಲ್ವೇನೆ?"

"ಇಲ್ಲ," ಎಂದಳು ಡೋರೀನ್. "ಇನ್ನು ಆಗಲ್ಲ."

ಬೆರಿಲ್ ನಗುತ್ತಿದ್ದವಳು ನಿಂತಳು. ರಸ್ತೆಯಂಚಿನಲ್ಲಿ ಕ್ಲಿಫ್‌ನ ಕಾರು ನಿಲ್ಲುತ್ತಿದ್ದ ಜಾಗ ನೋಡಿದಳು, ಡೋರೀನ್‌ಳ ಮುಖ ನೋಡಿದಳು.

"ನಾನೂ ಚಪ್ಪಾಳೆ ತಟ್ದೆನಲ್ಲೇ," ಎಂದಳು.

"ನೀನೊಬ್ಳೇ ಅಲ್ಲ, ಬಿಡು."

ಬೆರಿಲ್‌ಳ ಬಸ್ಸು ಬಂದು ನಿಂತಿತು. ಅವಳು ಹತ್ತಲಿಲ್ಲ. ಬುಟ್ಟಿಯನ್ನು ತನ್ನ ಕೈಗೆ ತೆಗೆದುಕೊಂಡು, "ನಡಿ, ಏನಾದ್ರೂ ತಿನ್ನೋಣ," ಎಂದು ಮೂಲೆಯ ಅಂಗಡಿಯ ಕಡೆ ನಡೆದಳು. ಡೋರೀನ್ ಕುಂಟುತ್ತ ಹಿಂದೆ ಹೋದಳು. ಬೇಡ ಅನ್ನಲು ಬೇಕಾದ ಶಕ್ತಿ ಅವಳಲ್ಲಿರಲಿಲ್ಲ. ಅವಳ ಮುಖ ಕಂಡದ್ದೇ ಅಂಗಡಿಯವನು ಕೇಳದೆಯೇ ಎರಡು ಪೊಟ್ಟಣ ಕಟ್ಟಿದ. ಒಂದಕ್ಕೆ ವಿನೆಗರ್ ಜಾಸ್ತಿ ಸುರಿದ. ಅದು ಕ್ಲಿಫ್‌ನದು.

ಆ ಪೊಟ್ಟಣವನ್ನು ಡೋರೀನ್ ತಾನೇ ಇಟ್ಟುಕೊಂಡಳು. ಬಸ್ ಸ್ಟಾಪಿನ ಬೆಂಚಿನ ಮೇಲೆ ಇಬ್ಬರೂ ಕೂತರು, ನಡುವೆ ಹಣ್ಣಿನ ಬುಟ್ಟಿ. ಫ್ರಾಕಿನ ಮೇಲೆ ಕೋಟು ಹೊದ್ದ ಬೆರಿಲ್ ಚಳಿಗೆ ನಡುಗುತ್ತ ತಿಂದಳು. ವಿನೆಗರ್ ಮೂಗಿಗೇರಿ ಡೋರೀನ್‌ಳ ಕಣ್ಣಲ್ಲಿ ನೀರು ಬಂತು. ಅದು ಬರೀ ವಿನೆಗರ್ ಎಂದು ಅವಳಿಗೆ ಗೊತ್ತಿತ್ತು, ಬೆರಿಲ್‌ಗೂ ಗೊತ್ತಿತ್ತು. ಒಂದು ಚೂರೂ ಬಿಡದೆ ಡೋರೀನ್ ಪೊಟ್ಟಣ ಖಾಲಿ ಮಾಡಿದಳು.

ಶುಕ್ರವಾರ ಫಿಯೋನಾಳ ಎದುರು ಕೂತು, "ಪುಡಿ ಬೇಡ, ನಾನು ಕ್ಲಬ್ಬಲ್ಲೇ ಇರ್ತೀನಿ," ಎಂದಳು.

"ಅಲ್ಲಿ ಆರು ವರ್ಷದಲ್ಲಿ ಏನೂ ಇಳಿದಿಲ್ವಲ್ರೀ. ಮಂಡಿ ನೋಯ್ತಿಲ್ವಾ?"

"ನೋಯ್ತಿದೆ. ಸದ್ಯಕ್ಕೆ ನನ್ನಲ್ಲಿ ನೋಯ್ತಿರೋದು ಅದೊಂದೇ."

ಫಿಯೋನಾ ಅವಳ ಜಾಗವನ್ನು ಬೇರೆಯವರಿಗೆ ಕೊಟ್ಟಳು. ನರ್ಸಾಗಿ ಅವಳು ಮಾಡಿದ್ದು ಸರಿಯೇ.

ಮುಂದಿನ ಮಂಗಳವಾರ ಡೋರೀನ್ ಸ್ವೆಟರ್ ಬಿಚ್ಚಿ, ಬೆರಿಲ್‌ಳ ಮಡಿಲಿಗೆ ಕೊಟ್ಟು ತಕ್ಕಡಿ ಹತ್ತಿದಳು. ಎರಡು ಪೌಂಡು ಏರಿತ್ತು. ಏರಿದವರಿಗೆ ಅಲ್ಲಿ ಚಪ್ಪಾಳೆಯಿಲ್ಲ. ಲೊರೇನ್ ದನಿ ತಗ್ಗಿಸಿ, "ಬೇಜಾರ್ ಮಾಡ್ಕೋಬೇಡಿ, ಮುಂದಿನ ವಾರ ನೋಡೋಣ," ಎಂದು ಭುಜ ತಟ್ಟಿದಳು. ಡೋರೀನ್‌ಗೆ ಬೇಜಾರಾಯಿತು. ಎರಡೇ ಎರಡು ಪೌಂಡಿಗೆ, ಸಣ್ಣ ಹುಡುಗಿಗೆ ಆಗುವ ಹಾಗೆ ನಿಜಕ್ಕೂ ಬೇಜಾರಾಯಿತು. ಕ್ಲಿಫ್ ಹೋದ ಮೇಲೆ ಅವಳಿಗೆ ಏನಾದರೂ ಅನ್ನಿಸಿದ್ದು ಅದೇ ಮೊದಲು. ಅವಳು ಕುರ್ಚಿಗೆ ಬಂದು, ಬೆರಿಲ್‌ಳ ಮಡಿಲಿನಿಂದ ಸ್ವೆಟರ್ ಎತ್ತಿಕೊಂಡು, ಮುಖಕ್ಕೆ ಒತ್ತಿಕೊಂಡಳು.