ಆ ನಾಲ್ಕು ನಳಿಕೆಗಳು

ಸುಜಾತಾ, ನಿನ್ನ ಕೆಲಸ ಹೋಗುವಂತೆ ಮಾಡಿದವಳು ನಾನು. ನೀನು ರಕ್ತದ ಮಾದರಿಗಳ ಚೀಟಿ ಅದಲುಬದಲು ಮಾಡುತ್ತೀ ಎಂದು ನಮ್ಮ ಮುಖ್ಯಸ್ಥರಾದ ಸರ್ ಅವರ ಕಿವಿಗೆ ಹಾಕಿದ್ದು ನಾನೇ — ಒಬ್ಬಳೇ ಹೋಗಿ, ಬಾಗಿಲು ಮುಚ್ಚಿಕೊಂಡು.

ಪುಣೆಯ ಆ ಪ್ರಯೋಗಾಲಯದಲ್ಲಿ ಕನ್ನಡದವರು ನಾವಿಬ್ಬರೇ. ನಾನು ಧಾರವಾಡದವಳು, ಹಿರಿಯಳು. ನೀನು ಬೆಳಗಾವಿಯಿಂದ ಆಗಷ್ಟೇ ಬಂದಿದ್ದೆ. ಮನುಷ್ಯರ ಕರುಳಿನಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ ತೆಗೆದ ಕಿಣ್ವ, ‘ಎ’ ಗುಂಪಿನ ರಕ್ತಕಣಗಳ ಮೇಲಿನ ಗುರುತನ್ನು ಕತ್ತರಿಸಿ ಹಾಕುತ್ತಿತ್ತು. ಗುರುತು ಅಳಿದರೆ ಅದು ‘ಓ’ ರಕ್ತದಂತೆ. ಬೇರೆ ಗುಂಪಿನವರಿಗೂ ಕೊಡಬಹುದು ಎಂಬುದು ನಮ್ಮ ಆಸೆ. ನನ್ನ ಪರೀಕ್ಷೆಯಲ್ಲಿ ಗುರುತು ಪೂರ್ತಿ ಹೋಗಿತ್ತು. ಆ ಕಣಗಳನ್ನು ‘ಓ’ ಗುಂಪಿನ ಹಲವರ ಪ್ಲಾಸ್ಮಾದೊಂದಿಗೆ, ಒಬ್ಬೊಬ್ಬರಿಗೆ ಒಂದೊಂದು ನಳಿಕೆಯಂತೆ, ಬೆರೆಸಿ ನೋಡುವ ಕೆಲಸ ನಿನ್ನದು. ನಾಲ್ಕು ನಳಿಕೆಗಳಲ್ಲಿ ರಕ್ತ ಗಂಟುಗಟ್ಟಿತು. ಎಂದರೆ, ಆ ನಾಲ್ವರ ದೇಹ ಅದನ್ನು ಒಪ್ಪುವುದಿಲ್ಲ.

ಮತ್ತೆ ಮಾಡಿಸಿದೆ. ಅವೇ ನಾಲ್ಕು.

ನೀನೇ ಚೀಟಿ ಬದಲಿಸುತ್ತಿದ್ದೀ ಎಂದುಕೊಂಡು ಅಂದಿನಿಂದ ನಿನ್ನ ಮೇಲೆ ಕಣ್ಣಿಟ್ಟೆ. ನೀನು ಫೋನ್ ಹಿಡಿದು ಹೊರಗೆ ಹೋದದ್ದು, ಊಟದ ಹೊತ್ತಿನಲ್ಲಿ ಫ್ರಿಜ್ ತೆರೆದದ್ದು, ನನ್ನನ್ನು ಕಂಡು ನೋಟ್‌ಬುಕ್ ಮುಚ್ಚಿದ್ದು — ಎಲ್ಲವೂ ನನಗೆ ಸಾಕ್ಷಿಯೇ. ಒಂದು ದಿನ ನೀನೇ ಬಂದು ಹೇಳಿದೆ:

“ಅಕ್ಕಾ, ಕಣದ ಮ್ಯಾಲೆ ನಮಗ ಕಾಣದ ಇನ್ನೊಂದು ಗುರುತು ಉಳದದ ಅನಸ್ತದ್ರಿ.”

“ನೀ ನನಗ ಕಲಸಬ್ಯಾಡ,” ಎಂದೆ. ಮರುದಿನವೇ ಸರ್ ಬಳಿ ಹೋದೆ.

ಅವರು ನಮ್ಮಿಬ್ಬರನ್ನೂ ಕರೆಸಿ ಕೇಳಿದಾಗ ನೀನು ನನ್ನತ್ತ ತಿರುಗಿದೆ. ನನ್ನತ್ತ ತಿರುಗಿದೆ. “ನೀವರ ಹೇಳ್ರಿ ಅಕ್ಕಾ, ನಾ ಹಂಗ ಮಾಡ್ತೇನೇನ್ರಿ?”

“ನನಗ ಗೊತ್ತಿಲ್ಲ,” ಎಂದೆ. ಅಷ್ಟೇ.

ನಿನ್ನನ್ನು ಕೆಲಸದಿಂದ ತೆಗೆದ ವಾರವೇ ನನ್ನ ಕೈಯಾರೆ ಚೀಟಿ ಬರೆದು, ನನ್ನ ಕೈಯಾರೆ ಬೆರೆಸಿದೆ. ಅವೇ ನಾಲ್ಕು ನಳಿಕೆಗಳು. ಆಗಲಾದರೂ ನಿನ್ನನ್ನು ಕರೆಸಬಹುದಿತ್ತು — ಕರೆಸಲಿಲ್ಲ. ಕಾಣದ ಗುರುತೊಂದು ಉಳಿದಿರಬೇಕು ಎಂದು ವರದಿಯಲ್ಲಿ ಬರೆದೆ. ನಿನ್ನ ಮಾತು, ನನ್ನ ಹೆಸರು.

ಹೋದ ತಿಂಗಳು ಪುಣೆ ಹತ್ತಿರದ ಸಾಸವಡದಲ್ಲಿ ನನ್ನ ನಾದಿನಿಯ ರಕ್ತಪರೀಕ್ಷೆಗೆ ಹೋದಾಗ ಸೂಜಿ ಹಿಡಿದು ಬಂದವಳು ನೀನು. “ಅಕ್ಕಾ, ಅರಾಮ ಅದೀರಿ?” ಎಂದು ನೀನು ನಕ್ಕೆ. ಆ ನಗುವನ್ನೂ ನಾನು ಅನುಮಾನಿಸಿದೆ — ಇವಳಿಗೆ ಗೊತ್ತಿದೆಯೇ? ನನ್ನನ್ನು ಪರೀಕ್ಷಿಸುತ್ತಿದ್ದಾಳೆಯೇ? ಚಹಾ ಕುಡಿದು ಹೋಗಿರೆಂದು ನೀನು ಕರೆಯುತ್ತಿರುವಾಗಲೇ ಮೆಟ್ಟಿಲಿಳಿದುಬಿಟ್ಟೆ.

ನಿನ್ನ ಮೇಲೆ ಸಂಶಯವಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಈಗ ಅದನ್ನೂ ನಂಬಲಾರೆ. ಎರಡನೆಯ ಸಲ ಅವೇ ನಾಲ್ಕು ಗಂಟುಗಟ್ಟಿದಾಗ, ನಿನ್ನ ಫಲಿತಾಂಶ ಸರಿ ಇರಬಹುದೆಂದು ನನಗೆ ಹೊಳೆದಿತ್ತು, ಸುಜಾತಾ. ಹೊಳೆದ ಮೇಲೆಯೇ ಸರ್ ಬಳಿ ಹೋದದ್ದು.

ಇದನ್ನೆಲ್ಲ ಸರ್ ಅವರಿಗೂ ಬರೆದು ಸಹಿ ಮಾಡಿದ್ದೇನೆ. ಪ್ರಯೋಗಾಲಯದ ಸೋಮವಾರದ ಸಭೆಯಲ್ಲಿ ಎಲ್ಲರೆದುರು ಓದುತ್ತೇನೆ. ಬರಬೇಕೋ ಬೇಡವೋ, ನೀನು ನೋಡಿಕೋ.