ಬದಲಿಯವರು ಬರುವ ತನಕ

ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ದುಬೈಗೆ ಕರೆದುಕೊಂಡು ಬಂದೆ. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಮ್ಮದು ಒಂದೇ ಬೆಡ್‌ರೂಮಿನ ಫ್ಲ್ಯಾಟ್. ಗಂಡನಿಗೆ ದೂರದ ತೈಲ ಪಟ್ಟಣ ರುವೈಸ್‌ನಲ್ಲಿ ಕೆಲಸ, ವಾರದ ಕೊನೆಗೆ ಮಾತ್ರ ಮನೆಗೆ. ಹಾಲ್‌ನಲ್ಲಿ ಅಪ್ಪನಿಗೊಂದು ಮಂಚ ಹಾಕಿ, ನಾನೂ ಮಗಳೂ ಒಳಗೆ ಮಲಗುತ್ತಿದ್ದೆವು.

ಅಪ್ಪ ಉಡುಪಿ ಕಡೆಯ ಕಾಲೇಜಿನಲ್ಲಿ ಇತಿಹಾಸ ಕಲಿಸಿದವರು. ರೋಮ್ ಅವರ ಇಷ್ಟದ ವಿಷಯ. ಅದರಲ್ಲೂ ಯುದ್ಧಗಳಲ್ಲ, ಅಧಿಕಾರಿಗಳು. ನಾನು ಚಿಕ್ಕವಳಿದ್ದಾಗ ಊಟಕ್ಕೆ ಕೂತರೂ ಅದೇ ಮಾತು. ಚಕ್ರವರ್ತಿ ತನ್ನ ಪರವಾಗಿ ದೂರದ ಪ್ರಾಂತ್ಯಕ್ಕೆ ಕಳಿಸುತ್ತಿದ್ದ ಲೆಗೇಟ್‌ಗೆ ಸೈನ್ಯವೂ ನ್ಯಾಯವೂ ಸೇರಿದ್ದು. ತೆರಿಗೆ ಮಾತ್ರ ಪ್ರೊಕ್ಯುರೇಟರ್ ಎಂಬ ಇನ್ನೊಬ್ಬನ ಕೈಯಲ್ಲಿ. ಇಬ್ಬರಿಗೂ ಒಳಗೊಳಗೇ ಜಗಳ.

"ಅವರಿಗೆ ಇಷ್ಟೇ ವರ್ಷ ಅಂತ ಇಲ್ಲ. ಚಕ್ರವರ್ತಿ ಹೇಳುವವರೆಗೆ ಇರಬೇಕು. ಬದಲಿಯವನು ಬರದೆ ಪ್ರಾಂತ್ಯ ಬಿಡುವ ಹಾಗಿಲ್ಲ," ಎನ್ನುತ್ತಿದ್ದರು.

"ನಿಮ್ಮ ಲೆಗೇಟ್ ಉಂಡನಾ ಕೇಳಿ. ಸಾರು ತಣ್ಣಗಾಗ್ತಾ ಉಂಟು," ಎನ್ನುತ್ತಿದ್ದಳು ಅಮ್ಮ.

ಇಲ್ಲಿಗೆ ಬಂದ ಮೇಲೆ ಅವರು ಮೊದಲು ಮರೆತದ್ದು ನಮ್ಮದು ಎಷ್ಟನೇ ಮಹಡಿ ಎಂಬುದನ್ನು. ಆಮೇಲೆ ಅಮ್ಮ ಇಲ್ಲ ಎಂಬುದನ್ನು. ನೆನಪಿಸಿದಾಗಲೆಲ್ಲ ಅವರಿಗೆ ಅದು ಹೊಸ ಸಾವು. ಕೊನೆಗೆ ಹೇಳುವುದನ್ನೇ ಬಿಟ್ಟೆ. ಕರಾಮದ ಕ್ಲಿನಿಕ್ಕಿನ ಡಾಕ್ಟರು ಸ್ಕ್ಯಾನ್ ನೋಡಿ, ಇದು ಗುಣವಾಗುವ ಕಾಯಿಲೆಯಲ್ಲ ಎಂದರು.

ಒಂದು ದಿನ ನಾನು ಆಫೀಸಿನಿಂದ ಬಂದಾಗ ಅಪ್ಪ ಇಸ್ತ್ರಿ ಅಂಗಿ ತೊಟ್ಟು, ಶೂ ಹಾಕಿಕೊಂಡು ಬಾಲ್ಕನಿಯಲ್ಲಿ ಕೂತಿದ್ದರು.

"ಬದಲಿಯವರು ಬಂದರಾ?"

"ಯಾವ ಬದಲಿ, ಅಪ್ಪ?"

"ನನ್ನ ಜಾಗಕ್ಕೆ. ಅವರು ಬರದೆ ನಾನು ಊರಿಗೆ ಹೋಗುವುದು ಹೇಗೆ? ಮನೆಯಲ್ಲಿ ಹೆಂಡತಿ ಕಾಯ್ತಿದ್ದಾಳೆ."

"ಇದು ದುಬೈ, ಅಪ್ಪ. ನೀವು ಮಗಳ ಮನೆಯಲ್ಲಿದ್ದೀರಿ."

ಅವರು ಅಪರಿಚಿತಳನ್ನು ನೋಡುವಂತೆ ನನ್ನನ್ನು ಮರ್ಯಾದೆಯಿಂದ ನೋಡಿದರು. ಅಲ್ಲಿಂದ ಮುಂದೆ ದಿನವೂ ಅದೇ ಪ್ರಶ್ನೆ. ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದವರು ಈಗ ನೀವು ಎನ್ನುತ್ತಿದ್ದರು.

ರಜೆಯ ಮಧ್ಯಾಹ್ನವೊಂದರಲ್ಲಿ ಅಪ್ಪ ಮತ್ತೆ ಅದನ್ನೇ ಕೇಳಿದಾಗ, ಓದುತ್ತ ಕೂತಿದ್ದ ಮಗಳು ತಲೆಯೆತ್ತಿ, "ಅಮ್ಮಾ, ಜಸ್ಟ್ ಟೆಲ್ ಹಿಮ್ ಯೆಸ್," ಎಂದಳು.

ನಾನು ಕುರ್ಚಿ ಎಳೆದು ಅಪ್ಪನೆದುರು ಕೂತೆ. "ಬಂದಿದ್ದೇನೆ. ನಾನೇ ಬದಲಿ."

ಅಪ್ಪ ನನ್ನನ್ನು ದಿಟ್ಟಿಸಿದರು. "ಈಗ ಹೆಂಗಸರನ್ನೂ ನೇಮಿಸುತ್ತಾರಾ?"

"ಹೌದು."

"ಒಳ್ಳೆಯದಾಯ್ತು." ಬೆನ್ನು ನೆಟ್ಟಗೆ ಮಾಡಿ, ಕ್ಲಾಸಿನ ಸ್ವರದಲ್ಲಿ ಅಧಿಕಾರ ವಹಿಸಿಕೊಡತೊಡಗಿದರು. "ಜನ ಶಾಂತ. ನೀರು ಕಮ್ಮಿ ಉಂಟು. ತೆರಿಗೆಯವನ ಹತ್ತಿರ ಜಗಳಕ್ಕೆ ಹೋಗಬೇಡಿ." ಆಮೇಲೆ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಇಲ್ಲಿ ಒಬ್ಬಳು ಇದ್ದಾಳೆ. ದಿನಾ ನನಗೆ ಊಟ ಹಾಕುವುದು ಅವಳೇ. ತುಂಬ ಬಳಲಿದ್ದಾಳೆ, ಪಾಪ. ಅವಳನ್ನು ಸ್ವಲ್ಪ ನೋಡಿಕೊಳ್ಳಿ."

"ನೋಡಿಕೊಳ್ಳುತ್ತೇನೆ, ಸರ್," ಎಂದೆ. ಮಗಳು ಎದ್ದು ಒಳಗೆ ಹೋದಳು.

ಅಪ್ಪ ತಾವೇ ಶೂ ಬಿಚ್ಚಿ, ಮಂಚದ ಮೇಲೆ ಮಲಗಿ ನಿದ್ದೆಹೋದರು. ಮತ್ತೆಂದೂ ಬದಲಿಯ ಮಾತೆತ್ತಲಿಲ್ಲ. ದಿನ ಕಳೆದಂತೆ ಬೇರೆ ಮಾತುಗಳೂ ನಿಂತವು. ಸೆಕೆ ಶುರುವಾಗುವ ಹೊತ್ತಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದವರು ಮನೆಗೆ ಬರಲಿಲ್ಲ. ರುವೈಸ್‌ನಿಂದ ಗಂಡ ಕೆಲಸದ ಬಟ್ಟೆಯಲ್ಲೇ ಓಡಿಬಂದರು. ಜೆಬೆಲ್ ಅಲಿಯ ಸ್ಮಶಾನದಲ್ಲಿ ದಹನ ಮಾಡಿದೆವು.

ಸಂಜೆ ಕೆಳಗಿನ ಮನೆಯ, ನಮ್ಮ ಕರಾವಳಿ ಕಡೆಯ ಬ್ಯಾರಿ ಮುಸ್ಲಿಂ ಹೆಂಗಸು ಗಂಜಿ, ಚಟ್ನಿ ತಂದರು. ನಮಗೆ ಪರಿಚಯ ಅಷ್ಟಕ್ಕಷ್ಟೆ.

"ನಿಮ್ಮ ಅಪ್ಪ ಊರಲ್ಲಿ ಎಂತ ಮಾಡಿಕೊಂಡಿದ್ದರು?" ಎಂದು ಕೇಳಿದರು.

"ಮೇಷ್ಟ್ರು," ಎಂದೆ, ಖಾಲಿ ಮಂಚದ ಕಡೆ ನೋಡುತ್ತ.

ಅವರು ಬಟ್ಟಲಿಗೆ ಗಂಜಿ ಬಗ್ಗಿಸಿ ನನ್ನ ಮುಂದಿಟ್ಟು, ನಾನು ಉಂಡು ಮುಗಿಸುವವರೆಗೂ ಪಕ್ಕದಲ್ಲೇ ಕೂತಿದ್ದರು.