ಹದಿನೆಂಟು ಕಿಲೋ ಮರಳಿನ ಸಾಕ್ಷ್ಯ

ಆರೋಗ್ಯ ಕೇಂದ್ರದ ದಾದಿಯನ್ನು ಜನರು ನಕ್ಷೆಯಕ್ಕನೆಂದೇ ಕರೆಯುತ್ತಿದ್ದರು. ವಿಶೇಷ ಆರೈಕೆ ಬೇಕಾದ ಮಕ್ಕಳ ಮನೆಗಳನ್ನು ಹುಡುಕಿ, ಕೇಂದ್ರದ ಗೋಡೆಯ ನಕ್ಷೆಯಲ್ಲಿ, ಕಾಲು ಗಂಟೆಯಲ್ಲಿ ಚಿಕಿತ್ಸಾಲಯ ಮುಟ್ಟಬಲ್ಲ ಮನೆಗೆ ಹಸಿರು ಗುಂಡುಪಿನ್ನು, ಉಳಿದದ್ದಕ್ಕೆ ಕೆಂಪು ಚುಚ್ಚುವುದು ಇಪ್ಪತ್ತೆರಡು ವರ್ಷಗಳಿಂದ ಆಕೆ ನಿಷ್ಠೆಯಿಂದ ನಡೆಸಿಕೊಂಡು ಬಂದ ಕಾಯಕ. ಪ್ರತಿ ಬಾಗಿಲಿನಿಂದಲೂ ತಾನೇ ನಡೆದು, ಕೈಗಡಿಯಾರ ನೋಡಿ ಬರೆದುಕೊಳ್ಳುವುದು ಆಕೆಯ ಕ್ರಮ. ಅನ್ಯರ ಮಾತು ನಂಬಿ ಒಂದು ಪಿನ್ನನ್ನೂ ಚುಚ್ಚಿದವಳಲ್ಲ.

ಕೆಂಪು ಪಿನ್ನಿನ ಬೀದಿಗಳಿಗೆ ಇನ್ನು ವಾರಕ್ಕೊಮ್ಮೆ, ಮಕ್ಕಳಿಗೆ ವ್ಯಾಯಾಮ ಮಾಡಿಸುವ ಚಿಕಿತ್ಸಕರ ವಾಹನ ಬರಲಿತ್ತು. ಶುಕ್ರವಾರ ಆ ಬೀದಿಗಳ ಪಟ್ಟಿ ಅಂತಿಮ. ಬುಧವಾರ, ರೈಲುಹಳಿಯಾಚೆಯ ಬೀದಿಯಲ್ಲಿ, ನಡೆಯಲಾರದ ಏಳು ವರ್ಷದ ಹುಡುಗಿಯ ತಾಯಿ ಆಕೆಯನ್ನು ತಡೆದಳು.

"ನಮ್ ಮನೆಗೆ ಹಸಿರು ಚುಚ್ಚಿದ್ದೀರಂತೆ?"

"ಹತ್ತೇ ನಿಮಿಷದ ದಾರಿ ಕಣಮ್ಮಾ. ನಾನೇ ನಡ್ಕೊಂಡ್ ಹೋಗಿ ನೋಡಿದ್ದೀನಿ."

"ನಡೆದಿದ್ದು ನಿಮ್ ಕಾಲು. ಇವಳನ್ನ ಕುರ್ಚೀಲಿ ಕೂರಿಸ್ಕೊಂಡು ಆ ಮೇಲ್ಸೇತುವೆ ಹತ್ತಿದ್ದೀರಾ? ವ್ಯಾಯಾಮ ತಪ್ಪಿ ಮೂರು ತಿಂಗಳಾಯ್ತು ಅಕ್ಕಾ. ಇವಳ ಹಿಮ್ಮಡಿ ನೆಲಕ್ಕೇ ತಾಗ್ತಿಲ್ಲ."

ದೇವರು ತನಗಿತ್ತ ಗಟ್ಟಿ ಕಾಲುಗಳಿಂದ ಪರರ ದಾರಿಯನ್ನು ಅಳೆದೆನಲ್ಲಾ ಎಂದು ನಕ್ಷೆಯಕ್ಕನಿಗೆ ಆಗ ಹೊಳೆಯಿತು. ಆದರೆ ಆಕೆ ಕೈಚೆಲ್ಲಿ ಕೂರುವವಳಲ್ಲ. ಮರುದಿನ ಬೆಳಗ್ಗೆ ಕೇಂದ್ರದ ಗಾಲಿಕುರ್ಚಿಯಲ್ಲಿ ಹುಡುಗಿಯ ತೂಕಕ್ಕೆ ಸರಿಯಾಗಿ ಹದಿನೆಂಟು ಕಿಲೋ ಮರಳಿನ ಚೀಲವನ್ನಿಟ್ಟು, ಪಟ್ಟಿಗೆ ಸಹಿ ಹಾಕುವ ಮೇಲ್ವಿಚಾರಕರನ್ನೇ ಆ ಬಾಗಿಲಿಗೆ ಕರೆತಂದಳು.

"ತಳ್ಳಿ ಸಾರ್."

"ನಾನಾ? ನಕ್ಷೆ ಮಾಡಿದ್ದು ನೀವಲ್ವೇನ್ರೀ?"

"ತಪ್ಪೂ ನಂದೇ. ಅದನ್ನ ನೀವೇ ಕೈಯಾರೆ ತಳ್ಳಿ ನೋಡ್ಲಿ ಅಂತ."

ಹಳಿ ದಾಟಲು ಆ ಮೇಲ್ಸೇತುವೆಯೊಂದೇ ದಾರಿ; ಮೆಟ್ಟಿಲುಗಳು ನಲವತ್ತೆರಡು. ಹದಿನೇಳನೆಯದರಲ್ಲಿ ಕುರ್ಚಿ ವಾಲಿತು. ಸೇತುವೆಯೆದುರಿನ ತನ್ನ ಮನೆಯ ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದ ಹುಡುಗಿ ಕೂಗಿದಳು: "ಸಾರ್, ಬೀಳಿಸ್ಬೇಡಿ! ಅದು ನಾನು!"

ಮೇಲ್ವಿಚಾರಕರು ಚೀಲವನ್ನು ಎದೆಗವಚಿ ಹಿಡಿದರು.

"ಇದನ್ನ ಆ ತಾಯಿ ಒಬ್ಬರೇ ಏರಿಸ್ಬೇಕಾ?"

"ಇಳಿಸೋದೂ ಇದೆ ಸಾರ್."

ಸೇತುವೆಯ ತುದಿ ಮುಟ್ಟುವಷ್ಟರಲ್ಲಿ ಇಪ್ಪತ್ತಾರು ನಿಮಿಷ ಕಳೆದಿತ್ತು. ಬೆವರೊರೆಸಿಕೊಂಡು, ಅಲ್ಲಿಯೇ ಮೊಣಕಾಲ ಮೇಲೆ ಪಟ್ಟಿಯಿರಿಸಿ ಅವರು ಬೀದಿಯನ್ನು ಸೇರಿಸಿದರು. ಕೇಂದ್ರಕ್ಕೆ ಮರಳಿ, ಗೋಡೆಯ ನಕ್ಷೆಯಿಂದ ಆ ಮನೆಯ ಹಸಿರು ಪಿನ್ನನ್ನು ನಕ್ಷೆಯಕ್ಕ ತಾನೇ ಕಿತ್ತಳು.

ಮುಂದಿನ ವಾರ ವಾಹನ ಆ ಬಾಗಿಲಲ್ಲಿ ನಿಂತಿತು. ಚಿಕಿತ್ಸಕಿಯ ಅಂಗೈಯಲ್ಲಿ ಪಾದವಿಟ್ಟುಕೊಂಡೇ ಹುಡುಗಿ ಕೇಳಿದಳು: "ಅಕ್ಕಾ, ನನ್ ಚೀಲ ಎಲ್ಲಿ?"

"ಡ್ಯೂಟಿ ಮೇಲಿದೆ ಪುಟ್ಟಿ. ಇನ್ನೂ ಮೂವತ್ತು ಹಸಿರು ಮನೆ ನೋಡೋದಿದೆ," ಎಂದು ನಕ್ಷೆಯಕ್ಕ, ಬಾಗಿಲಾಚೆ ಚೀಲ ಹೊತ್ತು ನಿಂತಿದ್ದ ಗಾಲಿಕುರ್ಚಿಯನ್ನು ಮುಂದಿನ ಬೀದಿಗೆ ತಿರುಗಿಸಿದಳು.